ತೋಳ ಬಂದರೆ ಎಲ್ಕ್ ಉಳಿಯುತ್ತವೆಯೇ?

“ಅಮೆರಿಕದ ಬೇಟೆಗಾರರು ತೋಳದ ಮೇಲೆ ಇಷ್ಟು ಹರಿಹಾಯುತ್ತಾರಲ್ಲ, ಅವರ ಮಾತಿನಲ್ಲಿ ನಿಜ ಎಷ್ಟು? ತೋಳ ಬಿಟ್ಟ ಮೇಲೆ ಎಲ್ಕ್ ನಿಜಕ್ಕೂ ಖಾಲಿಯಾದವೇ?” ಕೊಲೊರಾಡೊದಲ್ಲಿ ತೋಳ ಬಿಟ್ಟ ಸುದ್ದಿ ಬಂದಾಗಿನಿಂದ ಕನ್ನಡಿಗ ಗೆಳೆಯರು, ಅದರಲ್ಲೂ ಡೆನ್ವರ್ ಕಡೆ ನೆಲೆಸಿದವರು, ಕೇಳುತ್ತಲೇ ಇರುವ ಪ್ರಶ್ನೆ ಇದು. ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಗಂಡು 300 ಕಿಲೋ ದಾಟುತ್ತದೆ. ಪಶ್ಚಿಮ ಅಮೆರಿಕದ ಬೇಟೆಗಾರನಿಗೆ ಒಂದು ಎಲ್ಕ್ ಸಿಕ್ಕರೆ ಮನೆಮಂದಿಗೆ ತಿಂಗಳುಗಟ್ಟಲೆ ಮಾಂಸ. ಹಾಗಾಗಿ ಅವರ ಆತಂಕವನ್ನು ಬರೀ ಶೋಕಿಯವರ ಗಲಾಟೆ ಎಂದು ತಳ್ಳಿಹಾಕುವುದು ತಪ್ಪು. ಅಲ್ಲಿ ಅವರ ಮಾತಿಗೆ ತೂಕ ಬರಲು ಇನ್ನೊಂದು ಕಾರಣವಿದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆ ಬಂದೂಕು, ಗುಂಡುಗಳ ಮೇಲೆ 11% ತೆರಿಗೆ ಇದೆ. ಆ ಹಣ ಮತ್ತು ಬೇಟೆ ಲೈಸೆನ್ಸ್ ಶುಲ್ಕದಿಂದಲೇ ರಾಜ್ಯಗಳ ವನ್ಯಜೀವಿ ಇಲಾಖೆಗಳು ಬಹುಪಾಲು ನಡೆಯುತ್ತವೆ.

ನನ್ನ ಉತ್ತರ: ಯಾವ ಹಿಂಡಿನ ಮಾತು ಎಂದು ಹೇಳದೆ ಈ ಪ್ರಶ್ನೆಗೆ ಉತ್ತರ ಕೊಡಲು ಬರುವುದಿಲ್ಲ. ಇಡೀ ರಾಜ್ಯದ ಲೆಕ್ಕ ಹಿಡಿದು ವಾದ ಮಾಡುವ ಎರಡೂ ಕಡೆಯವರು ದಾರಿ ತಪ್ಪಿಸುತ್ತಾರೆ.

ಎಲ್ಲರೂ ಎತ್ತುವ ಉದಾಹರಣೆ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ. ಅಲ್ಲಿನ ಕೊನೆಯ ತೋಳಗಳನ್ನು 1926ರಲ್ಲಿ ಕೊಂದಿದ್ದರು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಉದ್ಯಾನದಲ್ಲಿ ಬಿಟ್ಟರು. ಮಧ್ಯ ಐಡಹೋದಲ್ಲಿ 35. “ಕೆನಡಾದ ದೈತ್ಯ ತೋಳ ತಂದರು” ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಆದರೆ ತೋಳಗಳು ಕೆನಡಾ ಗಡಿ ದಾಟಿ ತಾವಾಗಿಯೇ ಬರುತ್ತಿದ್ದವು. 1986ರಲ್ಲೇ ಮೊಂಟಾನಾದ ಗ್ಲೇಸಿಯರ್ ಉದ್ಯಾನದಲ್ಲಿ ಮರಿ ಹಾಕಿದ್ದವು. ಯೆಲ್ಲೋಸ್ಟೋನಿನ ವಯಸ್ಕ ಗಂಡು ತೋಳದ ತೂಕ ಸರಾಸರಿ 50 ಕಿಲೋ ಆಸುಪಾಸು.

ಉದ್ಯಾನದ ಉತ್ತರದ ಎಲ್ಕ್ ಹಿಂಡು 1994ರ ಎಣಿಕೆಯಲ್ಲಿ ಸುಮಾರು 19,000 ಇತ್ತು. 2013ರ ಹೊತ್ತಿಗೆ 4,000ಕ್ಕೂ ಕೆಳಗೆ ಇಳಿಯಿತು. ಬೇಟೆಗಾರರು ತೋರಿಸುವುದು ಈ ಎರಡು ಅಂಕಿಗಳನ್ನೇ, ಅಂಕಿಗಳು ಸರಿಯಾಗಿಯೇ ಇವೆ. ನಡುವೆ ಏನಾಯಿತು ಎಂಬುದನ್ನು ಹೇಳದೆ ಬಿಡುತ್ತಾರೆ. 1996-97ರ ಚಳಿಗಾಲ ಭೀಕರವಾಗಿತ್ತು. ಆಮೇಲೆ ವರ್ಷಗಟ್ಟಲೆ ಬರ. ಗ್ರಿಜ್ಲಿ ಕರಡಿ, ಪ್ಯೂಮಾ ಎರಡೂ ಅದೇ ಕಾಲಕ್ಕೆ ಹೆಚ್ಚಾದವು. ಯೆಲ್ಲೋಸ್ಟೋನ್ ಸರೋವರಕ್ಕೆ ಯಾರೋ ತಂದು ಬಿಟ್ಟ ಲೇಕ್ ಟ್ರೌಟ್ ಮೀನು ಸ್ಥಳೀಯ ಕಟ್‌ಥ್ರೋಟ್ ಮೀನನ್ನು ತಿಂದು ತೀರಾ ಕಡಿಮೆ ಮಾಡಿತು. ತೊರೆಗಳಲ್ಲಿ ಆ ಮೀನು ಹಿಡಿದು ತಿನ್ನುತ್ತಿದ್ದ ಕರಡಿಗಳು ಎಲ್ಕ್ ಮರಿಗಳ ಕಡೆ ತಿರುಗಿದವು. ಮರಿಗಳಿಗೆ ರೇಡಿಯೋ ಟ್ಯಾಗ್ ಕಟ್ಟಿ ನೋಡಿದಾಗ, ಹುಟ್ಟಿದ ಮೊದಲ ತಿಂಗಳಲ್ಲಿ ಸತ್ತವುಗಳಲ್ಲಿ ಹೆಚ್ಚಿನವನ್ನು ಕೊಂದದ್ದು ಕರಡಿ.

ಬೇಟೆಗಾರರ ಸಭೆಗಳಲ್ಲಿ ಕಡಿಮೆ ಕೇಳಿಬರುವ ಸಂಗತಿ ಮತ್ತೊಂದಿದೆ. ಉದ್ಯಾನದ ಉತ್ತರದ ಗಡಿಯ ಗಾರ್ಡಿನರ್ ಬಳಿ ಮೊಂಟಾನಾ ರಾಜ್ಯ ಚಳಿಗಾಲದ ಕೊನೆಯಲ್ಲಿ ಹೆಣ್ಣು ಎಲ್ಕ್ ಬೇಟೆಗೆ ಪರ್ಮಿಟ್ ಕೊಡುತ್ತಿತ್ತು. ತೋಳ ಬಂದ ಮೇಲೂ ವರ್ಷಕ್ಕೆ ಸಾವಿರಕ್ಕಿಂತ ಹೆಚ್ಚು ಎಲ್ಕ್ ಹೊಡೆದ ವರ್ಷಗಳಿವೆ. ಮನುಷ್ಯರು ಹೊಡೆದ ಹೆಣ್ಣುಗಳ ಸರಾಸರಿ ವಯಸ್ಸು ಆರೇಳು ವರ್ಷ, ಅಂದರೆ ಚೆನ್ನಾಗಿ ಈಯುವ ಪ್ರಾಯ. ತೋಳ ಕೊಂದ ವಯಸ್ಕ ಹೆಣ್ಣುಗಳ ಸರಾಸರಿ ವಯಸ್ಸು ಹದಿನಾಲ್ಕರ ಸುತ್ತ, ಹೇಗೂ ಸಾವಿಗೆ ಹತ್ತಿರವಾದವು. ಒಂದೊಂದೇ ಪ್ರಾಣ ಹೋದರೂ ಹಿಂಡಿಗೆ ಆಗುವ ನಷ್ಟ ಬೇರೆ ಬೇರೆ. ಮುಂದೆ ಇಲಾಖೆ ಆ ಪರ್ಮಿಟ್‌ಗಳನ್ನು ಇಳಿಸುತ್ತಾ ಬಂದು ಕೊನೆಗೆ ನಿಲ್ಲಿಸಿತು.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿದರೆ ಇಡೀ ಜಗಳ ಸ್ಪಷ್ಟವಾಗುತ್ತದೆ. 100 ಹೆಣ್ಣು ಎಲ್ಕ್ ಇವೆ, ವರ್ಷಕ್ಕೆ 10 ಸಾಯುತ್ತವೆ ಅನ್ನಿ. ಆ ಹತ್ತನ್ನು ತುಂಬಲು ಒಂದು ವರ್ಷ ದಾಟಿದ 10 ಹೆಣ್ಣು ಮರಿ ಬೇಕು. ಮರಿಗಳಲ್ಲಿ ಅರ್ಧ ಗಂಡು, ಆದ್ದರಿಂದ 100 ಹೆಣ್ಣಿಗೆ 20 ಮರಿ ಬದುಕಿ ಉಳಿದರೆ ಹಿಂಡು ಅಲ್ಲಿಗಲ್ಲಿಗೆ ನಿಲ್ಲುತ್ತದೆ. ಹೆಣ್ಣುಗಳ ಸಾವು 20ಕ್ಕೆ ಏರಿದರೆ 40 ಮರಿ ಬೇಕು. ಪರಭಕ್ಷಕಗಳಿರುವ ಬೆಟ್ಟಗಳಲ್ಲಿ ಅಷ್ಟು ಮರಿ ಉಳಿಯುವುದು ಕಷ್ಟ. ಇಲಾಖೆಯವರು ಚಳಿಗಾಲದ ಕೊನೆಯಲ್ಲಿ ಹೆಲಿಕಾಪ್ಟರ್‌ನಲ್ಲಿ ಸುತ್ತಿ ‘100 ಹೆಣ್ಣಿಗೆ ಎಷ್ಟು ಮರಿ’ ಎಂದು ಎಣಿಸುವುದು ಇದಕ್ಕೇ. ಆ ಅನುಪಾತವನ್ನು ಒಂದನ್ನೇ ನಂಬಿದರೂ ಮೋಸ ಹೋಗುತ್ತೇವೆ. ಹೆಣ್ಣುಗಳೂ ಮರಿಗಳೂ ಒಟ್ಟಿಗೆ ಕಡಿಮೆಯಾದರೆ ಅನುಪಾತ ಚೆನ್ನಾಗಿಯೇ ಕಾಣುತ್ತದೆ, ಹಿಂಡು ಮಾತ್ರ ಕರಗುತ್ತಿರುತ್ತದೆ. ಕುತ್ತಿಗೆಗೆ ರೇಡಿಯೋ ಕಾಲರ್ ಕಟ್ಟಿದ ಹೆಣ್ಣುಗಳು ವರ್ಷಕ್ಕೆ ಎಷ್ಟು ಉಳಿದವು ಎಂಬ ಲೆಕ್ಕ ಜೊತೆಗಿರಲೇಬೇಕು.

ಈ ಕಣ್ಣಿನಿಂದ ಐಡಹೋದ ಲೋಲೋ ಪ್ರದೇಶವನ್ನು ನೋಡಿದರೆ ಬೇಟೆಗಾರರ ಮಾತಿಗೆ ಬಲ ಬರುತ್ತದೆ. 1989ರಲ್ಲಿ ಸುಮಾರು 16,000 ಇದ್ದ ಎಲ್ಕ್ 2010ಕ್ಕೆ ಎರಡು ಸಾವಿರದ ಆಸುಪಾಸಿಗೆ ಬಂದವು. ಇಳಿಕೆ ಶುರುವಾದದ್ದು ತೋಳಕ್ಕೂ ಮೊದಲು. 1910ರ ಮಹಾ ಕಾಡ್ಗಿಚ್ಚು ತೆರೆದಿಟ್ಟ ಬಯಲುಗಳಲ್ಲಿ ಎಳೆಯ ಪೊದೆಗಳು ಬೆಳೆದು ಎಲ್ಕ್ ಹೆಚ್ಚಿದ್ದವು. ದಶಕಗಳಲ್ಲಿ ಆ ಪೊದೆ ದಟ್ಟ ಕಾಡಾಗಿ ಮೇವು ತಪ್ಪಿತು. ಅದರ ಮೇಲೆ 1996-97ರ ಹಿಮ. ಆದರೆ ಇಳಿದ ಹಿಂಡು ಮೇಲೇಳದಂತೆ ತಡೆದದ್ದರಲ್ಲಿ ತೋಳದ ಪಾತ್ರ ದೊಡ್ಡದು: ಅಲ್ಲಿ ಹೆಣ್ಣು ಎಲ್ಕ್ ಸಾವಿಗೆ ಮುಖ್ಯ ಕಾರಣ ತೋಳವೇ ಆಗಿತ್ತು. “ತೋಳ ಮುದಿ, ರೋಗಿಷ್ಠ ಪ್ರಾಣಿಯನ್ನು ಮಾತ್ರ ತಿನ್ನುತ್ತದೆ” ಎನ್ನುವವರು ಲೋಲೋ ಹೆಸರು ಎತ್ತುವುದಿಲ್ಲ.

ಮೊಂಟಾನಾದ ಬಿಟರ್‌ರೂಟ್ ಕಣಿವೆಯದು ಮೂರನೆಯ ಬಗೆ. ಮರಿಗಳ ಅನುಪಾತ ಕುಸಿದಾಗ ಎಲ್ಲರೂ ತೋಳದ ಕಡೆ ಬೆರಳು ಮಾಡಿದರು. 2011ರಿಂದ ಮರಿಗಳಿಗೆ ಟ್ಯಾಗ್ ಹಾಕಿ ನೋಡಿದರೆ ಹೆಚ್ಚು ಮರಿಗಳನ್ನು ಕೊಲ್ಲುತ್ತಿದ್ದದ್ದು ಪ್ಯೂಮಾ. ಆ ಅಧ್ಯಯನಕ್ಕೆ ಸ್ಥಳೀಯ ಬೇಟೆಗಾರರ ಬೆಂಬಲವೂ ಇತ್ತು ಎಂಬುದನ್ನು ಮರೆಯಬಾರದು. ಆ ಅಧ್ಯಯನ ಆಗದಿದ್ದರೆ ತೋಳಗಳನ್ನು ಕೊಂದೂ ಮರಿಗಳು ಉಳಿಯುತ್ತಿರಲಿಲ್ಲ.

ರಾಜ್ಯದ ಒಟ್ಟು ಲೆಕ್ಕಕ್ಕೆ ಬಂದರೆ, ಮೊಂಟಾನಾ ಮತ್ತು ವಯೋಮಿಂಗ್‌ನಲ್ಲಿ ಎಲ್ಕ್ ಸಂಖ್ಯೆ ಇಲಾಖೆಯ ಗುರಿಗಿಂತ ಮೇಲಿದೆ. “ಹಾಗಾದರೆ ನಮಗೇಕೆ ಕಾಣುವುದಿಲ್ಲ?” ಎಂದು ಬೇಟೆಗಾರ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಎಲ್ಕ್ ಜಾಗ ಬದಲಿಸಿವೆ. ಬಯಲು ಬಿಟ್ಟು ದಟ್ಟ ಮರಗಳ ನಡುವೆ, ಸರ್ಕಾರಿ ಕಾಡು ಬಿಟ್ಟು ಬೇಟೆಗೆ ಬಿಡದ, ದನ ಸಾಕುವ ಖಾಸಗಿ ರ‍್ಯಾಂಚ್‌ಗಳಿಗೆ ಸೇರಿಕೊಂಡಿವೆ. ಇದಕ್ಕೆ ತೋಳದ ಭಯವೂ ಕಾರಣ, ಬಂದೂಕಿನ ಭಯವೂ ಕಾರಣ. ಇಪ್ಪತ್ತು ವರ್ಷ ಒಂದೇ ಗುಡ್ಡದ ಮೇಲೆ ಕಾದು ಕೂತವನಿಗೆ ಆ ಗುಡ್ಡ ಖಾಲಿಯೇ.

ಇನ್ನು ತೋಳದ ಬೇಟೆಯ ನೀತಿ. 1995ರಲ್ಲಿ ಬಿಟ್ಟಾಗ ಅಳಿವಿನಂಚಿನ ಪ್ರಾಣಿಗಳ ಕಾಯ್ದೆಯ 10(ಜೆ) ಕಲಮಿನಡಿ ‘ಪ್ರಾಯೋಗಿಕ’ ಹಿಂಡು ಎಂದು ಬಿಟ್ಟಿದ್ದರು. ದನಕರು ಹಿಡಿದ ತೋಳವನ್ನು ಕೊಲ್ಲಲು ಅದರಿಂದ ಅವಕಾಶವಿತ್ತು. ಗುರಿ ರಾಜ್ಯಕ್ಕೆ ಕನಿಷ್ಠ 100 ತೋಳ, ಮರಿ ಹಾಕುವ 10 ಜೋಡಿ. ಗುರಿ ಮುಟ್ಟಿ ವರ್ಷಗಳಾದರೂ ರಕ್ಷಣೆ ತೆಗೆಯುವುದು, ಕೋರ್ಟು ಮತ್ತೆ ಕೊಡುವುದು ನಡೆಯುತ್ತಲೇ ಇತ್ತು. ಕೊನೆಗೆ 2011ರಲ್ಲಿ ಅಮೆರಿಕದ ಸಂಸತ್ತೇ ಮೊಂಟಾನಾ, ಐಡಹೋಗಳಲ್ಲಿ ರಕ್ಷಣೆ ತೆಗೆಯಿತು. ವಯೋಮಿಂಗ್ ಸರದಿ ಮುಗಿದದ್ದು 2017ರಲ್ಲಿ. ಬೇಟೆಗಾರರಲ್ಲಿ “ಕೊಟ್ಟ ಮಾತು ತಪ್ಪಿದರು” ಎಂಬ ಕಹಿ ಉಳಿದದ್ದು ಆ ವರ್ಷಗಳಿಂದ. ತೋಳಕ್ಕೆ ಅದರಿಂದ ಒಳ್ಳೆಯದಾಗಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಕಹಿಯ ಫಲ 2021ರ ಕಾನೂನುಗಳು. ಐಡಹೋ ಒಬ್ಬನಿಗೆ ಎಷ್ಟು ಟ್ಯಾಗ್ (ಒಂದು ತೋಳ ಹೊಡೆಯುವ ಪರ್ಮಿಟ್) ಎಂಬ ಮಿತಿಯನ್ನೇ ತೆಗೆಯಿತು. ಮೊಂಟಾನಾ ಉರುಲಿಗೆ, ಖಾಸಗಿ ಜಮೀನಿನಲ್ಲಿ ರಾತ್ರಿ ಬೇಟೆಗೆ ಒಪ್ಪಿಗೆ ಕೊಟ್ಟಿತು. ವಯೋಮಿಂಗ್‌ನ ಸುಮಾರು 85% ಭಾಗದಲ್ಲಿ ತೋಳ ಕೊಲ್ಲಲು ಲೈಸೆನ್ಸೇ ಬೇಡ. ಇಷ್ಟಾದರೂ ತೋಳ ಮುಗಿದಿಲ್ಲ, ಏಕೆಂದರೆ ಏಪ್ರಿಲ್‌ನಲ್ಲಿ ಒಂದು ಹೆಣ್ಣು ನಾಲ್ಕರಿಂದ ಆರು ಮರಿ ಹಾಕುತ್ತದೆ. ಮನುಷ್ಯರಿಂದ ವರ್ಷಕ್ಕೆ ಕಾಲು ಭಾಗಕ್ಕಿಂತ ತುಸು ಹೆಚ್ಚು ಸತ್ತರೂ ಸಂಖ್ಯೆ ನಿಲ್ಲಬಲ್ಲದು. ಹಾಗೆಂದು ಎಲ್ಲಿ ಹೊಡೆದರೂ ಸರಿ ಎಂದಲ್ಲ. 2021-22ರ ಚಳಿಗಾಲದಲ್ಲಿ ಯೆಲ್ಲೋಸ್ಟೋನ್ ಗಡಿ ದಾಟಿದ ಇಪ್ಪತ್ತಕ್ಕೂ ಹೆಚ್ಚು ತೋಳಗಳು ಹತವಾದವು. ಉದ್ಯಾನದೊಳಗೆ ಮನುಷ್ಯರಿಗೆ ಹೆದರದೆ ಬೆಳೆದ, ಕಾಲರ್ ಕಟ್ಟಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಗುಂಪುಗಳವು. ಅವನ್ನು ಹೊಡೆದದ್ದರಿಂದ ಯಾವ ಎಲ್ಕ್ ಹಿಂಡಿಗೂ, ಯಾವ ರೈತನಿಗೂ ಹೇಳಿಕೊಳ್ಳುವ ಲಾಭವಾಗಲಿಲ್ಲ.

ದನ ಹಿಡಿಯುವ ತೋಳದ ವಿಷಯದಲ್ಲಿ ಒಳ್ಳೆಯ ಅಂಕಿಗಳಿವೆ. ಮೊಂಟಾನಾ, ಐಡಹೋ, ವಯೋಮಿಂಗ್‌ಗಳ ದಾಖಲೆ ನೋಡಿದರೆ, ದಾಳಿಯ ಬಳಿಕ ಏನೂ ಮಾಡದಿದ್ದರೆ ಮುಂದಿನ ದಾಳಿ ಸಾಮಾನ್ಯವಾಗಿ 19 ದಿನಕ್ಕೆ. ಗುಂಪಿನ ಕೆಲವನ್ನು ಕೊಂದರೆ 64 ದಿನಕ್ಕೆ. ಇಡೀ ಗುಂಪನ್ನೇ ತೆಗೆದರೆ 730 ದಿನಕ್ಕೆ. ಕೆಲವನ್ನು ಕೊಲ್ಲುವುದಾದರೂ ದಾಳಿಯಾದ ಮೊದಲ ವಾರದೊಳಗೆ ಆಗಬೇಕು. ತಿಂಗಳಾದ ಮೇಲೆ ಹೋಗಿ ಕೊಂದರೆ ತಪ್ಪು ತೋಳ ಸಾಯುತ್ತದೆ, ದಾಳಿ ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಸಾರ್ವಜನಿಕ ಬೇಟೆ ನಡೆಸಿದರೆ ಬೇಸಿಗೆಯ ದನಗಳಿಗೆ ರಕ್ಷಣೆ ಸಿಗುತ್ತದೆ ಎಂಬ ವಾದ ಇಲ್ಲೇ ಸಡಿಲವಾಗುತ್ತದೆ.

ಕೊಲ್ಲದೆ ತಡೆಯುವ ದಾರಿಗಳಲ್ಲಿ ಫ್ಲಾಡ್ರಿ ಎಂಬ ಬಾವುಟದ ಹಗ್ಗ ಹೆಚ್ಚು ಬಳಕೆಯಲ್ಲಿದೆ: ಸುಮಾರು ಅರ್ಧ ಮೀಟರ್ ಉದ್ದದ ಕೆಂಪು ಬಟ್ಟೆಪಟ್ಟಿಗಳನ್ನು ಅಷ್ಟೇ ಅಂತರಕ್ಕೆ ಕಟ್ಟಿ, ತುದಿ ನೆಲಕ್ಕೆ ತಾಗುವಷ್ಟು ಕೆಳಗೆ ಎಳೆಯುವುದು. ಪಟ್ಟಿ ತಂತಿಗೆ ಸುತ್ತಿಕೊಂಡು ಕಿಂಡಿ ಬಿದ್ದರೆ ತೋಳ ಅಲ್ಲೇ ನುಗ್ಗುತ್ತದೆ, ಹಾಗಾಗಿ ದಿನಾ ನಡೆದು ನೋಡಬೇಕು. ಎರಡು ತಿಂಗಳಿಗೆ ತೋಳಕ್ಕೆ ಅಭ್ಯಾಸವಾಗಿಬಿಡುತ್ತದೆ. ಅದಕ್ಕೇ ಕರು ಹಾಕುವ ವಾರಗಳಿಗೆ ಮಾತ್ರ ಕಟ್ಟಿ ಬಿಚ್ಚಿಡಬೇಕು. ಸತ್ತ ದನವನ್ನು ಹೊಲದ ಅಂಚಿನಲ್ಲಿ ಬಿಟ್ಟವನಿಗೆ ಯಾವ ಬಾವುಟವೂ ಸಹಾಯ ಮಾಡದು.

ಕೊಲೊರಾಡೊ ಕತೆಗೆ ಇಷ್ಟು ಹಿನ್ನೆಲೆ ಬೇಕು. 2020ರ ನವೆಂಬರ್‌ನಲ್ಲಿ ತೋಳ ತಂದು ಬಿಡಬೇಕೆಂದು ಜನರ ಓಟಿಗೆ ಇಟ್ಟ ಪ್ರಸ್ತಾವ 114 ಶೇಕಡಾ 51ರಷ್ಟೂ ಮುಟ್ಟದ ಬಹುಮತದಲ್ಲಿ ಗೆದ್ದಿತು. ಓಟು ಹಾಕಿದ್ದು ಹೆಚ್ಚಾಗಿ ಡೆನ್ವರ್ ಕಡೆಯ ನಗರಗಳು, ತೋಳ ಬಂದದ್ದು ಪರ್ವತದಾಚೆಯ ರ‍್ಯಾಂಚ್‌ಗಳಿಗೆ. 2023ರ ಡಿಸೆಂಬರ್‌ನಲ್ಲಿ ಒರೆಗಾನ್‌ನಿಂದ 10 ತಂದರು. ಅವುಗಳಲ್ಲಿ ಕೆಲವು ಈಗಾಗಲೇ ದನ ಹಿಡಿದ ದಾಖಲೆಯಿದ್ದ ಗುಂಪುಗಳವು, ಇದು ತಪ್ಪಿಸಬಹುದಾಗಿದ್ದ ತಪ್ಪು. ಕಾಪರ್ ಕ್ರೀಕ್ ಗುಂಪು ಗ್ರ್ಯಾಂಡ್ ಕೌಂಟಿಯಲ್ಲಿ ದನಕುರಿ ಹಿಡಿಯತೊಡಗಿ, 2024ರಲ್ಲಿ ಆ ಗುಂಪನ್ನು ಹಿಡಿದು ಒಯ್ಯಬೇಕಾಯಿತು. 2025ರ ಜನವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದಿಂದ 15 ತರುವಾಗ ದನದ ಸಹವಾಸವಿಲ್ಲದ ತೋಳಗಳನ್ನು ಆರಿಸಿದರು. ಸತ್ತ ಒಂದು ಜಾನುವಾರಿಗೆ 15,000 ಡಾಲರ್‌ವರೆಗೆ ಪರಿಹಾರವಿದೆ. ಎಲ್ಕ್ ವಿಷಯದಲ್ಲಿ ಅಲ್ಲಿ ಗಾಬರಿಗೆ ಕಾರಣ ಸದ್ಯಕ್ಕಿಲ್ಲ: ರಾಜ್ಯದಲ್ಲಿ ಸುಮಾರು 2,80,000 ಎಲ್ಕ್ ಇವೆ, ಬಿಡುವ ಯೋಜನೆ 30ರಿಂದ 50 ತೋಳಗಳದು. ಆದರೆ ತೋಳ ನೆಲೆಯೂರುವ ಒಂದೆರಡು ಕಣಿವೆಗಳಲ್ಲಿ ಈಗಲೇ ಹೆಣ್ಣು ಎಲ್ಕ್‌ಗಳಿಗೆ ಕಾಲರ್ ಕಟ್ಟಿಡಬೇಕು. ಹತ್ತು ವರ್ಷದ ನಂತರ ಲೋಲೋ ಥರದ ಜಗಳ ಎದ್ದರೆ ಉತ್ತರ ಕೊಡಲು ಬೇರೆ ದಾರಿ ಇರುವುದಿಲ್ಲ.

“ನಮ್ಮಲ್ಲಿಗೂ ಇದು ಅನ್ವಯಿಸುತ್ತದೆಯೇ?” ಎಂದು ಕೇಳುವವರಿಗೆ: ಎಲ್ಕ್ ಲೆಕ್ಕ ಅನ್ವಯಿಸುವುದಿಲ್ಲ. ಇಲ್ಲಿ ಬೇಟೆಯೇ ಕಾನೂನುಬಾಹಿರ, ತೋಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ಪ್ರಾಣಿ. ಕೊಪ್ಪಳದ ಬಂಕಾಪುರ ತೋಳಧಾಮದ ಸುತ್ತಲಿನ ತೋಳಕ್ಕೆ ಕುರಿ, ಮೇಕೆಯೂ ಆಹಾರ, ಎದುರಿಗಿರುವವರು ಕುರಿಗಾಹಿಗಳು. ಅಮೆರಿಕದಿಂದ ಇಲ್ಲಿಗೆ ತರಬಹುದಾದದ್ದು ಸತ್ತ ಪ್ರಾಣಿಯನ್ನು ಓದುವ ಕ್ರಮ. ಸತ್ತ ಕುರಿಯ ಮೇಲೆ ಟಾರ್ಪಾಲು ಹೊದಿಸಿ, ನಾಯಿಗಳನ್ನು ದೂರವಿಟ್ಟು, ಹೆಜ್ಜೆ ತುಳಿಯದೆ ಫೋಟೋ ತೆಗೆದು, ಅದೇ ದಿನ ಚರ್ಮ ಸುಲಿದು ನೋಡಬೇಕು. ಜೀವವಿದ್ದಾಗ ಕಚ್ಚಿದ್ದರೆ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಸತ್ತ ಮೇಲೆ ಬಂದು ತಿಂದಿದ್ದರೆ ಹಲ್ಲಿನ ತೂತಿರುತ್ತದೆ, ಹೆಪ್ಪು ಇರುವುದಿಲ್ಲ. ಊರ ನಾಯಿಗಳ ಗುಂಪು ಸಿಕ್ಕಸಿಕ್ಕಲ್ಲಿ ಕಚ್ಚಿ ಹಲವು ಕುರಿ ಕೆಡವಿ ತಿನ್ನದೆಯೇ ಹೋಗುವುದುಂಟು. ಹೆಜ್ಜೆಗುರುತು ಒಂದನ್ನೇ ನೋಡಿ ನಾಯಿಯೋ ತೋಳವೋ ಎಂದು ಹೇಳುವುದು ಪಳಗಿದವರಿಗೂ ಕಷ್ಟ. ಬಿಸಿಲಲ್ಲಿ ಎರಡು ದಿನ ಬಿದ್ದ ಹೆಣದಲ್ಲಿ ಈ ಯಾವುದೂ ಕಾಣಿಸುವುದಿಲ್ಲ.