ಬನ್ನೂರು, ಕಿರುಗಾವಲು, ಕೊಕ್ಕರೆ ಬೆಳ್ಳೂರು: ಟಿಕೆಟ್ ಇಲ್ಲದ ದಾರಿ

ಹಕ್ಕಿ ನೋಡಬೇಕು ಅಂದರೆ ಮೈಸೂರಿನವರು ಸೀದಾ ರಂಗನತಿಟ್ಟಿಗೆ ಹೋಗುತ್ತಾರೆ. ಚೆಂದದ ಜಾಗ, ನಾನೂ ಹೋಗುತ್ತಿರುತ್ತೇನೆ. ಪಕ್ಷಿತಜ್ಞ ಸಲೀಂ ಅಲಿ ಅವರು ಹೇಳಿದ ಮೇಲೆ 1940ರಲ್ಲೇ ಪಕ್ಷಿಧಾಮ ಆಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಗೇಟು ಇದೆ, ದೋಣಿ ಇದೆ, ಕಾವಲಿಗೆ ಇಲಾಖೆಯವರು ಇದ್ದಾರೆ. ಈ ಸಲ ಚಿಕ್ಕಪ್ಪನ ಜೊತೆ ಹೊರಟಿದ್ದು ಇದ್ಯಾವುದೂ ಇಲ್ಲದ ಕಡೆಗೆ. ಜೀವವೈವಿಧ್ಯ ಅಂದ ಕೂಡಲೇ ನಮಗೆ ಹುಲಿ, ಆನೆ, ದಟ್ಟ ಕಾಡು ನೆನಪಾಗುತ್ತದೆ, ಅಲ್ವಾ? ಆದರೆ ಮಂಡ್ಯದ ಬಯಲಿನಲ್ಲಿ ಅದು ಉಳಿದಿರುವುದು ಹೆಚ್ಚಾಗಿ ಯಾರದ್ದೋ ಕೊಟ್ಟಿಗೆಯಲ್ಲಿ, ಗದ್ದೆಯಲ್ಲಿ, ಹಿತ್ತಿಲ ಮರದಲ್ಲಿ.

ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇತ್ತು. ಮೈಸೂರು ಬಿಟ್ಟು ಕಾವೇರಿ ದಾಟಿ ಬನ್ನೂರು ಕಡೆ ಹೋಗುವಾಗ ಊರೂರಲ್ಲೂ ಎತ್ತಿನ ಮೈ ತೊಳೆಯುವುದು, ಕೊಂಬು ಹೆರೆಯುವುದು ನಡೆದಿತ್ತು. ಬೆಂಗಳೂರು ಹೆದ್ದಾರಿ ಹಿಡಿದರೆ ಬೇಗ ತಲುಪಬಹುದು, ಆದರೆ ಆ ದಾರಿಯಲ್ಲಿ ನೋಡುವುದಕ್ಕೆ ಏನಿದೆ? ಬನ್ನೂರಿನ ಹತ್ತಿರ ಒಂದು ಕುರಿ ಹಿಂಡು ಅಡ್ಡ ಬಂತು. ಚಿಕ್ಕಪ್ಪ ಗಾಡಿ ನಿಲ್ಲಿಸಿ ಇಳಿದೇ ಬಿಟ್ಟರು.

ಬನ್ನೂರು ಕುರಿಯನ್ನು ಒಮ್ಮೆ ನೋಡಿದರೆ ಆಮೇಲೆ ಗುರುತು ಸಿಗುತ್ತದೆ. ಗಿಡ್ಡ ಕಾಲು, ಅಗಲ ಮೈ, ಕೊಂಬಿಲ್ಲ. ಹಿಂದಿನಿಂದ ನೋಡಿದರೆ ತೊಡೆಗಳ ನಡುವಿನ ಜಾಗ ಇಂಗ್ಲಿಷಿನ ‘ಯು’ ಅಕ್ಷರ ತಲೆಕೆಳಗಾದಂತೆ ಕಾಣುತ್ತದೆ. ಮಂಡ್ಯ ತಳಿ ಅಂತ ಹೆಸರು. ಮಾಂಸದ ರುಚಿಗೆ ಇದರಷ್ಟು ಹೆಸರು ಮಾಡಿದ ಕುರಿ ನಮ್ಮ ಕಡೆ ಇನ್ನೊಂದಿಲ್ಲ. ಆದರೆ ಶುದ್ಧ ತಳಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಬೇಗ ಬೆಳೆದು ಜಾಸ್ತಿ ತೂಕ ಬರುವ ದೊಡ್ಡ ತಳಿಯ ಟಗರಿನ ಜೊತೆ ಬೆರಕೆ ಮಾಡಿಸಿದರೆ ಸಾಕುವವರಿಗೆ ಕೈಗೆ ಕಾಸು ಬೇಗ ಸಿಗುತ್ತದೆ. ಅವರನ್ನು ಬೈಯುವುದು ಸುಲಭ. ಬೆರಕೆ ಕುರಿಗೂ ಶುದ್ಧ ಕುರಿಗೂ ಒಂದೇ ರೇಟು ಕೊಟ್ಟು ತಿನ್ನುವವರು ನಾವೇ ತಾನೇ?

ಅಲ್ಲಿಂದ ಮಳವಳ್ಳಿ ರಸ್ತೆಯಲ್ಲೇ ಮುಂದೆ ಹೋದರೆ ಕಿರುಗಾವಲು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಸೀಮೆ. ಎಲ್ಲಿ ನೋಡಿದರೂ ಕಬ್ಬು, ಭತ್ತ. ಊರು ಸಿಗುವ ಮುಂಚೆ ಒಂದು ಕಡೆ ಟಾರು ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಒಬ್ಬ ಹೆಂಗಸು ಕಾಲಲ್ಲಿ ಸಾಲು ಎಳೆಯುತ್ತಾ ಒಣಗಿಸುತ್ತಿದ್ದರು. "ಯಾವ ಭತ್ತ ಅಕ್ಕ?" ಅಂತ ಚಿಕ್ಕಪ್ಪ ಕೇಳಿದರು. "ಇನ್ಯಾವ್ದು ಬುಡಣ್ಣ, ಐಆರ್ ಸಿಕ್ಸ್ಟಿಫೋರು. ನಮ್ಮತ್ತೆ ಇದ್ದಾಗ ಊಟಕ್ಕೆ ಅಂತ ಒಂದ್ ಮಡಿ ದೊಡ್ಡಿ ಭತ್ತ ಹಾಕೋವು. ಈಗ ಬಿತ್ನೇನೇ ಇಲ್ವಲ್ಲ, ಎಲ್ಲಿಂದ ತರಾದು?" ಅಂದರು.

ಬಿತ್ತನೆಯೇ ಇಲ್ಲ. ಒಂದು ತಳಿ ಹೋಗುವುದು ಹೀಗೇ. ಯಾರೂ ಬೇಕು ಅಂತ ನಾಶ ಮಾಡುವುದಿಲ್ಲ. ಈ ವರ್ಷ ಈ ಮನೆಯವರು ಹಾಕುವುದಿಲ್ಲ, ಮುಂದಿನ ವರ್ಷ ಆ ಮನೆಯವರು ಬಿಡುತ್ತಾರೆ, ಭತ್ತದ ಬೀಜ ಮನೆಯ ಡಬ್ಬಿಯಲ್ಲಿ ಒಂದೆರಡು ವರ್ಷ ಕಳೆದರೆ ಸರಿಯಾಗಿ ಮೊಳೆಯುವುದೂ ಇಲ್ಲ, ಅಲ್ಲಿಗೆ ತಲೆಮಾರುಗಳಿಂದ ಬಂದಿದ್ದು ಮುಗಿಯಿತು.

ಕಿರುಗಾವಲಿನ ಸೈಯದ್ ಘನಿ ಖಾನ್ ಅವರ ಕೆಲಸ ದೊಡ್ಡದು ಅನಿಸುವುದು ಇದಕ್ಕೇ. ನೂರಾರು ಬಗೆಯ ಭತ್ತವನ್ನು ಕೂಡಿಸಿ ಮನೆಯಲ್ಲೇ ಭತ್ತದ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅವರ ಮನೆತನದ ಬಡಾ ಬಾಗ್ ತೋಟಕ್ಕೆ ಟಿಪ್ಪು ಕಾಲದ ನಂಟು ಇದೆ ಅನ್ನುತ್ತಾರೆ. ಅಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು. ಭತ್ತಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ದಂಗಾಗುತ್ತದೆ. ಕೆಂಪು ಛಾಯೆಯ ರಾಜಮುಡಿ, ಅರಸರ ಊಟಕ್ಕೆ ಬೆಳೆಯುತ್ತಿದ್ದರು ಅನ್ನುವ ಮಾತಿದೆ. ಬೇಯುವಾಗಲೇ ಮನೆಯೆಲ್ಲ ಘಮ್ ಅನ್ನುವ ಗಂಧಸಾಲೆ. ಅಕ್ಕಿಯೇ ಕಪ್ಪಾಗಿರುವ ಬರ್ಮಾ ಬ್ಲ್ಯಾಕ್. ಕೇರಳದವರು ಮದ್ದಿಗೆ ಬಳಸುವ ನವರ. ರತ್ನಚೂಡಿ ಹೆಸರು ಬಂದಾಗ ಚಿಕ್ಕಪ್ಪ ಸುಮ್ನೆ ನಿಂತುಬಿಟ್ಟರು. "ನಮ್ಮಪ್ಪ ಇದುನ್ನೇ ಹಾಕ್ತಿದ್ದಿದ್ದು. ಪೈರು ನಿನ್ನೆದೆ ಮಟ್ಟ ಬರೋದು, ದನಕ್ಕೆ ವರ್ಸಪೂರ್ತಿ ಹುಲ್ಲಾಗೋದು" ಅಂದರು.

ಹುಲ್ಲಿನ ಮಾತು ಸಣ್ಣದಲ್ಲ. ಹಳೆಯ ತಳಿಗಳು ಎತ್ತರ. ರಸಗೊಬ್ಬರ ಜಾಸ್ತಿ ಕೊಟ್ಟರೆ ಮಲಗಿಬಿಡುತ್ತವೆ. 1960ರ ದಶಕದಲ್ಲಿ ಐಆರ್-8, ಜಯ ಥರದ ಗಿಡ್ಡ ತಳಿಗಳು ಬಂದವು. ಗೊಬ್ಬರ ತಡೆದುಕೊಂಡು ಇಳುವರಿ ಕೊಟ್ಟವು, ಹೊಟ್ಟೆ ತುಂಬಿಸಿದವು. ಇದನ್ನು ಅಲ್ಲಗಳೆಯುವ ಹಕ್ಕು ಹಸಿವು ಗೊತ್ತಿಲ್ಲದ ನಮಗೆ ಇಲ್ಲ. ತೊಂದರೆ ಆಗಿದ್ದು ಸಾವಿರಾರು ಎಕರೆಗೆ ಒಂದೆರಡೇ ತಳಿ ಹಾಕಿದಾಗ. ರೋಗಕ್ಕೆ, ಹುಳುವಿಗೆ ಒಂದು ಗದ್ದೆ ಸಿಕ್ಕಿದರೆ ಇಡೀ ಸೀಮೆ ಸಿಕ್ಕಿದಂತೆ. 1970ರ ದಶಕದಲ್ಲಿ ಏಷ್ಯಾದ ಭತ್ತಕ್ಕೆ ಒಂದು ವೈರಸ್ ರೋಗ ಬಂತು. ಜಿಗಿಹುಳು ಹರಡುವ ರೋಗ. ಪೈರು ಹುಲ್ಲಿನ ಹಾಗೆ ಗಿಡ್ಡಗೆ ಪೊದೆಕಟ್ಟಿ ತೆನೆಯನ್ನೇ ಬಿಡುತ್ತಿರಲಿಲ್ಲ. ವಿಜ್ಞಾನಿಗಳು ಆರು ಸಾವಿರಕ್ಕೂ ಜಾಸ್ತಿ ಮಾದರಿ ಜಾಲಾಡಿದರು. ತಡೆಯುವ ಗುಣ ಸಿಕ್ಕಿದ್ದು ಉತ್ತರ ಪ್ರದೇಶದಿಂದ ತಂದಿಟ್ಟಿದ್ದ ಒಂದು ಕಾಡುಭತ್ತದಲ್ಲಿ. ಅದರ ಗುಣ ಸೇರಿಸಿ ಮಾಡಿದ ಐಆರ್-36 ತಳಿ 1976ರಲ್ಲಿ ಬಂತು. ಆ ಕಾಡುಹುಲ್ಲನ್ನು ಯಾರೋ ಕಳೆ ಅಂತ ಪೂರ್ತಿ ಕಿತ್ತು ಹಾಕಿದ್ದರೆ?

ಅಷ್ಟು ದೂರ ಯಾಕೆ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲೇ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಹೆಸರಿನಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ. ನಮ್ಮ ಮನೆಯ ಮುದ್ದೆಯ ಹಿಂದೆ ಎಲ್ಲೋ ಆಫ್ರಿಕಾದ ಒಬ್ಬ ರೈತ ಜೋಪಾನ ಮಾಡಿದ ಬೀಜ ಇದೆ. ಹೊಸ ತಳಿ ಮಾಡಬೇಕಾದರೂ ಹಳೆಯವು ಬದುಕಿರಬೇಕು. ಅವನ್ನು ವರ್ಷಾ ವರ್ಷ ಬಿತ್ತಿ, ಒಂದಕ್ಕೊಂದು ಬೆರೆಯದಂತೆ ಬೇರೆ ಬೇರೆ ಕುಯ್ದು, ಬೇರೆ ಬೇರೆ ಒಣಗಿಸಿ ಇಡುವ ಕೆಲಸವನ್ನು ಲಾಭ ನೋಡುವವರು ಮಾಡಲಾರರು.

ಮಳವಳ್ಳಿಯಲ್ಲಿ ಊಟ ಮಾಡಿ ಮದ್ದೂರು ಮುಟ್ಟಿದೆವು. ಅಲ್ಲಿಂದ ಕೊಕ್ಕರೆ ಬೆಳ್ಳೂರು ದೂರವಿಲ್ಲ.

ಊರೊಳಗೆ ಕಾಲಿಟ್ಟ ಕೂಡಲೇ ವಾಸನೆ ಬಂತು. ಆಮೇಲೆ ಸದ್ದು, ಮರದ ಮೇಲಿಂದ ಕೊಕ್ಕು ಕುಟ್ಟುವ ಕಟಕಟ ಸದ್ದು. ಹೆಂಚಿನ ಮೇಲೆ, ತಾರಸಿ ಮೇಲೆ ಬಿಳಿ ಹಿಕ್ಕೆ. ಹುಣಸೆ, ಅರಳಿ, ಬಸರಿ ಮರಗಳ ತುದಿಯಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತಿದ್ದವು. ಒಂದು ಹೆಜ್ಜಾರ್ಲೆ ಬಾಯಲ್ಲಿ ಹಸಿ ಸೊಪ್ಪಿನ ಕಡ್ಡಿ ಹಿಡಿದು, ಅಷ್ಟು ಭಾರದ ಮೈ ಹೊತ್ತು, ಸಣ್ಣ ಕೊಂಬೆ ಮೇಲೆ ಮೆಲ್ಲಗೆ ಇಳಿಯಿತು. ಕೆಳಗೆ ಹುಡುಗರು ಲಗೋರಿ ಆಡುತ್ತಿದ್ದರು. ಹಕ್ಕಿಗೆ ಹುಡುಗರ ಚಿಂತೆ ಇಲ್ಲ, ಹುಡುಗರಿಗೆ ಹಕ್ಕಿಯ ಚಿಂತೆ ಇಲ್ಲ.

ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದಂತೆ ಅಂತ ಊರಿನವರು ಇವನ್ನು ಕಾಣುತ್ತಾರೆ. ಪ್ಲೇಗ್ ಬಂದು ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಅನ್ನುವ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಪ್ರೀತಿಗೂ ಖರ್ಚು ಇದೆ. ಹುಣಸೆ ಹಣ್ಣಾಗುವ ಹೊತ್ತಿಗೇ ಗೂಡಲ್ಲಿ ಮೊಟ್ಟೆ, ಮರಿ ಇರುತ್ತವೆ. ಹಿತ್ತಿಲಲ್ಲಿ ದೊಡ್ಡ ಮರ ಇರುವ ಒಬ್ಬ ಅಜ್ಜಿ ಹೇಳಿದರು: "ಮರ ಬಡುದ್ರೆ ಒಂದಷ್ಟ್ ಕಾಸು ಬತ್ತದೆ. ಮರಿ ಮಡೀಕಂಡು ಕೂತಿರೋವಾಗ ಹೆಂಗಪ್ಪ ಬಡ್ಯಾದು?" ಮೊದಲು ಮರದ ಕೆಳಗೆ ಮಣ್ಣು ಹರಡಿ, ಹಿಕ್ಕೆ ಬೆರೆತ ಮೇಲೆ ಗೊಬ್ಬರ ಅಂತ ಗದ್ದೆಗೆ ಹೊಡೆಯುತ್ತಿದ್ದರಂತೆ. ಈಗ ಅಂಗಡಿ ಗೊಬ್ಬರ ಬಂದು ಆ ಲಾಭವೂ ತಪ್ಪಿದೆ. ಹಣ್ಣು ಬಿಟ್ಟುಕೊಟ್ಟಿದ್ದಕ್ಕೆ ಮರಕ್ಕೆ ಇಷ್ಟು ಅಂತ ಸರ್ಕಾರದಿಂದ ಪರಿಹಾರ ಇದೆ. ನನ್ನ ಪ್ರಕಾರ ಅದು ಆ ವರ್ಷದ ಮಾರುಕಟ್ಟೆ ಬೆಲೆಗೆ ಸರಿಸಮ ಇರಬೇಕು. ನಾವೆಲ್ಲ ಬಂದು ಫೋಟೋ ಹೊಡೆದುಕೊಂಡು ಹೋಗುವ ಹಕ್ಕಿಗೆ ಆ ಅಜ್ಜಿ ಒಬ್ಬರೇ ಯಾಕೆ ಖರ್ಚು ಹಾಕಬೇಕು?

ಊರಿನ ಹುಡುಗರು ಸೇರಿ ಕಟ್ಟಿದ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತದೆ. 2007ರಲ್ಲಿ ಈ ಜಾಗಕ್ಕೆ ಸಮುದಾಯ ಮೀಸಲು ಪ್ರದೇಶ ಅಂತ ಮಾನ್ಯತೆಯೂ ಸಿಕ್ಕಿತು.

ಆದರೆ ಮರ ಉಳಿದರೆ ಸಾಲದು. ಮೀನು ಬರುವುದು ಶಿಂಷಾ ಹೊಳೆಯಿಂದ, ತೈಲೂರು, ಮದ್ದೂರು ಕಡೆಯ ಕೆರೆಗಳಿಂದ. ಹೊಳೆಯ ಮರಳು ತೆಗೆದು, ಕೆರೆಗೆ ಚರಂಡಿ ಬಿಟ್ಟು, ಹೂಳು ತುಂಬಿಸಿದರೆ ಬೆಳ್ಳೂರಿನವರು ಎಷ್ಟು ಪ್ರೀತಿ ಮಾಡಿದರೂ ಹಕ್ಕಿಗೆ ಊಟ ಎಲ್ಲಿಂದ? 2017ರ ಕೊನೆಯಿಂದ 2018ರವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಹೊಟ್ಟೆ ತುಂಬ ಜಂತುಹುಳು. ಮೀನಿನ ಮೂಲಕ ಸೇರಿದ ಹುಳು. ಆ ದಿನಗಳ ಮಾತು ಬಂದಾಗ ಅಜ್ಜಿಯ ದನಿ ಇಳಿಯಿತು.

ನಾವು ಹೊರಡುವಾಗ ಕಾರಿನಲ್ಲಿ ಬಂದ ಕೆಲವರು ಹಕ್ಕಿ ಹಾರಲಿ, ಫೋಟೋ ಚೆನ್ನಾಗಿ ಬರಲಿ ಅಂತ ಜೋರಾಗಿ ಚಪ್ಪಾಳೆ ತಟ್ಟಿದರು. ದಯವಿಟ್ಟು ಹೀಗೆ ಮಾಡಬೇಡಿ. ತಾಯಿ ಗಾಬರಿಯಿಂದ ಎದ್ದರೆ ಮೊಟ್ಟೆ ಉರುಳುತ್ತದೆ, ಬಿಸಿಲಿಗೆ ಬೀಳುತ್ತದೆ, ಕಾಗೆಯ ಪಾಲಾಗುತ್ತದೆ.

ಹೋಗುವವರು ಹಕ್ಕಿಗೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ. ಫೆಬ್ರವರಿ, ಮಾರ್ಚ್‌ನಲ್ಲಿ ಮರಿಗಳನ್ನು ನೋಡಬಹುದು. ಭತ್ತ ತೆನೆ ಬಿಟ್ಟು ನಿಂತಿರುವುದನ್ನು ನೋಡಬೇಕಾದರೆ ನವೆಂಬರ್‌ನಲ್ಲಿ ಕಿರುಗಾವಲಿಗೆ ಹೋಗಿ, ಮೊದಲೇ ತಿಳಿಸಿ ಹೋಗಿ. ನಾಟಿ ಅಕ್ಕಿ ಸಿಕ್ಕರೆ ಬೆಳೆದವರ ಹತ್ತಿರವೇ ಕೊಳ್ಳಿ, ಚೌಕಾಸಿ ಮಾಡಬೇಡಿ. ಇನ್ನೊಂದು ಕೆಲಸ ಇದೆ, ಇದಕ್ಕೆ ಪ್ರಯಾಣವೂ ಬೇಡ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಮರ, ಬೀಜ, ದನಕರು, ಹಕ್ಕಿ ಎಲ್ಲವನ್ನೂ ಬರೆದಿಟ್ಟ ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಅದನ್ನು ತೋರಿಸಿ ಅಂತ ಕೇಳಿ. ಚಿಕ್ಕಪ್ಪ ಮುಂದಿನ ಸೋಮವಾರ ತಮ್ಮ ಊರಿನಲ್ಲಿ ಕೇಳುತ್ತಾರಂತೆ, ರತ್ನಚೂಡಿ ಹೆಸರು ಅದರಲ್ಲಿ ಇದೆಯಾ ಅಂತ.