ಮಳೆಗಾಲಕ್ಕೆ ಮುಂಚೆ ಅಡಿಗೆಮನೆಯ ಕಪಾಟು: ಏಪ್ರಿಲ್ ತಿಂಗಳ ದಾಖಲೆ

ಚಿಕ್ಕಮಗಳೂರಿನ ನಮ್ಮ ಮನೆಯ ಅಡಿಗೆಮನೆಗೆ ಹೊಸ ಕಪಾಟು ಮಾಡಿಸುವ ಕೆಲಸವು ಈ ವಾರ ಹಲಗೆಯ ಅಂಚುಗಳನ್ನು ಮುಚ್ಚುವ ಹಂತಕ್ಕೆ ಬಂದಿದೆ. ಹಳೆಯ ಕಪಾಟು ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನದಾಗಿತ್ತು. ಅದನ್ನು ಕೂರಿಸಿದ ವರ್ಷದ ಮಳೆಗಾಲದಲ್ಲಿ ಬಾಗಿಲು ತೆರೆದ ಕೂಡಲೇ ಅಮ್ಮನ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಅಂಥ ಹಲಗೆಯ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಹೊರಬೀಳುವ ಫಾರ್ಮಾಲ್ಡಿಹೈಡ್ ಅನಿಲವು ಹೀಗೆ ಕಣ್ಣು ಉರಿಸುತ್ತದೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ನಿರ್ಣಯಿಸಿತ್ತು.

ಹಲಗೆ ಕೊಳ್ಳುವಾಗ ನಾನು ಮೊದಲು ಕೇಳಿದ್ದು ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡು ಪಡೆದ ಮರವೆಂದು ಸಾರುವ ಎಫ್‌ಎಸ್‌ಸಿ ಮುದ್ರೆಯನ್ನು. ಆದರೆ ಅದು ಮರ ಎಂಥ ಕಾಡಿನಿಂದ ಬಂದಿದೆ ಎಂಬುದಕ್ಕೆ ಉತ್ತರವೇ ಹೊರತು ಮನೆಯ ಗಾಳಿಗೆ ಅಲ್ಲ. ಗಾಳಿಯ ಪ್ರಶ್ನೆಗೆ, ಹೊರಬೀಳುವ ಅನಿಲ ಮಿತಿಯೊಳಗಿದೆ ಎಂದು ತೋರಿಸುವ ಇ1 ಅಥವಾ ಗ್ರೀನ್‌ಗಾರ್ಡ್ ಗೋಲ್ಡ್‌ನಂತಹ ಬೇರೆಯದೇ ಕಾಗದ ಬೇಕು. ಎಫ್‌ಎಸ್‌ಸಿಯಲ್ಲೂ ಹಲಗೆಯ ಮೇಲಿನ ಸ್ಟಿಕ್ಕರ್ ಸಾಲದು, ಮಾರಾಟಗಾರರ ಪ್ರಮಾಣಪತ್ರದ ಸಂಖ್ಯೆ ಬಿಲ್ಲಿನಲ್ಲಿ ಬಂದಿರಬೇಕು. ಮೊದಲು ಹೋದ ಅಂಗಡಿಯಲ್ಲಿ ಅದನ್ನು ಬರೆದುಕೊಡಲಾಗಲಿಲ್ಲವಾದ್ದರಿಂದ ಅಲ್ಲಿ ಕೊಳ್ಳಲಿಲ್ಲ. ನಮ್ಮ ಆಚಾರರ ಬಳಿ ಆ ಪ್ರಮಾಣಪತ್ರವಿಲ್ಲದ ಕಾರಣ, ಹಲಗೆಗೆ ಮುದ್ರೆಯಿದ್ದರೂ ಅವರು ಮಾಡಿದ ಕಪಾಟನ್ನು ಎಫ್‌ಎಸ್‌ಸಿ ಕಪಾಟೆಂದು ಕರೆಯುವಂತಿಲ್ಲ. ಬಾಗಿಲುಗಳಿಗೆ ಭಾವನ ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನ ಮರವನ್ನು ಕೊಯ್ಯಿಸಿ ಒಣಗಿಸಿಟ್ಟದ್ದು ಒದಗಿತು. ಅದಕ್ಕೆ ಯಾವ ಮುದ್ರೆಯೂ ಇಲ್ಲ, ಆದರೆ ಅದು ನಿಂತಿದ್ದ ಜಾಗವನ್ನು ನಾನು ಚಿಕ್ಕಂದಿನಿಂದ ಬಲ್ಲೆ.

ನನಗೆ ಹೆಚ್ಚು ಯೋಚನೆ ಹಚ್ಚಿದ್ದು ಇ1 ಮಿತಿ. ಯುರೋಪಿನ ಇಎನ್ 717-1 ಪರೀಕ್ಷೆಯಲ್ಲಿ ಹಲಗೆಯನ್ನು 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 45 ಆರ್ದ್ರತೆಯಿರುವ ಪೆಟ್ಟಿಗೆಯಲ್ಲಿಟ್ಟು, ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಪ್ರತಿ ಘನ ಮೀಟರಿಗೆ 0.124 ಮಿಲಿಗ್ರಾಂ ಮೀರಬಾರದೆಂದು ನೋಡುತ್ತಾರೆ. ಜುಲೈನಲ್ಲಿ ಕಿಟಕಿ ಮುಚ್ಚಿ, ಒಲೆ ಉರಿಸಿ, ಗೋಡೆಯೇ ಬೆವರುವ ಮಲೆನಾಡಿನ ಅಡಿಗೆಮನೆಯಲ್ಲಿ ಶೇ. 45 ಆರ್ದ್ರತೆ ಎಲ್ಲಿಂದ ಬರಬೇಕು? ಯೂರಿಯಾ ಅಂಟು ತೇವಕ್ಕೂ ಶಾಖಕ್ಕೂ ಒಡೆದು ಇನ್ನಷ್ಟು ಅನಿಲವನ್ನು ಬಿಡುತ್ತದೆ. ಆದ್ದರಿಂದ ಕಪಾಟಿನ ಒಡಲಿಗೆ ತೇವವನ್ನು ಚೆನ್ನಾಗಿ ತಡೆಯುವ ಫೀನಾಲ್ ಅಂಟಿನ, ಐಎಸ್ 710 (ಮರೀನ್ ಪ್ಲೈವುಡ್ಡಿನ ಭಾರತೀಯ ಮಾನಕ) ಗುರುತಿನ ಪ್ಲೈವುಡ್ಡನ್ನೇ ಆರಿಸಿದೆ. ಬೆಲೆ ಹೆಚ್ಚಾದರೂ ಈ ಒಂದು ವಿಷಯದಲ್ಲಿ ರಾಜಿಯಾಗಲು ಮನಸ್ಸು ಒಪ್ಪಲಿಲ್ಲ.

ಕೊಯ್ದ ಅಂಚಿನಿಂದಲೇ ಅನಿಲ ಹೆಚ್ಚಾಗಿ ಹೊರಬರುವುದರಿಂದ ಗೋಡೆಗೆ ತಾಗುವ, ಯಾರಿಗೂ ಕಾಣದ ಹಿಂಬದಿಯ ಅಂಚುಗಳಿಗೂ ಪಟ್ಟಿ ಅಂಟಿಸಲು ಕೇಳಿಕೊಂಡೆ. "ಹಿಂದುಗಡೆ ಯಾರು ನೋಡ್ತಾರೆ ಸಾರ್?" ಎಂದ ಆಚಾರರು, ಅಮ್ಮನ ಕಣ್ಣಿನ ವಿಷಯ ಹೇಳಿದ ಮೇಲೆ ಮರುಮಾತಾಡದೆ ಒಪ್ಪಿದರು. ಒಡಲಿನ ಆರು ಪೆಟ್ಟಿಗೆಗಳು ಈಗ ಜಗಲಿಯಲ್ಲಿ ಗಾಳಿಯಾಡುವಂತೆ ನಿಂತಿವೆ, ಮೇ ಕೊನೆಯವರೆಗೂ ಅಲ್ಲೇ ಇರುತ್ತವೆ. ಸಿಂಕಿನ ಕೆಳಗಿನ ಪೆಟ್ಟಿಗೆಯಲ್ಲಿ ಕೊಳವೆಗಾಗಿ ಕೊರೆದ ಎರಡು ತೂತುಗಳ ಒಳಮೈಗೆ ಇನ್ನೂ ಲೇಪ ಬಿದ್ದಿಲ್ಲ. ಸೋಮವಾರ ಅದನ್ನು ಮುಗಿಸಿ ಹಲಸಿನ ಬಾಗಿಲುಗಳಿಗೆ ಅಗಸೆ ಎಣ್ಣೆಯ ಮೊದಲ ಕೈ ಹಚ್ಚುತ್ತೇವೆ.