ಮುಧೋಳ ನಾಯಿಗೆ ಕೋಟು ಬೇಕು, ಪಾಮೇರಿಯನ್‌ಗೆ ಬ್ಯಾಡ

ಎಳ್ಳಮವಾಸಿ ಹತ್ರ ಬಂತು ಅಂದ್ರ ನಮ್ಮ ವಿಜಯಪುರದಾಗ ನಾಯಿ ಹಿಡ್ಕೊಂಡು ಮುಂಜಾನಿ ವಾಕಿಂಗ್ ಹೋಗೋರ ನಡುವ ಒಂದೇ ಮಾತು, ನಾಯಿಗೆ ಸ್ವೆಟರ್ ಹಾಕ್ಬೇಕೋ ಬ್ಯಾಡೋ. ಒಬ್ರು ಹಸ್ಕಿಗೆ ಕೆಂಪು ಜಾಕೆಟ್ ಹಾಕಿ ಕರ್ಕೊಂಡ್ ಬರ್ತಾರ, ಇನ್ನೊಬ್ರು "ದೇವ್ರ ಕೂದ್ಲ ಕೊಟ್ಟಾನಲ್ರಿ, ಮತ್ತೇನ ಬೇಕು" ಅಂತಾರ. ಇಬ್ರೂ ನಾಯಿ ಅಂದ್ರ ಎಲ್ಲಾ ಒಂದೇ ಅನ್ನೋ ಲೆಕ್ಕದಾಗ ಮಾತಾಡ್ತಾರ. ನನ್ನ ಕೇಳಿದ್ರ ನಾಯಿ ಯಾವುದು ಅನ್ನೋದು ಗೊತ್ತಿಲ್ದ ಈ ಪ್ರಶ್ನೆಗೆ ಉತ್ರಾನ ಇಲ್ಲ.

ನಮ್ಮನಿ ನಾಯಿ ಮುಧೋಳ ತಳಿ. ಇದನ್ನ ನೋಡಿದವ್ರಿಗೆ ಗೊತ್ತು, ಎದಿ ಆಳ, ಸೊಂಟ ಇಷ್ಟ, ಪಕ್ಕೆಲುಬು ಎಣಿಸ್ಬಹುದು, ಚರ್ಮ ತೆಳ್ಳಗ, ಕೂದ್ಲ ಮೈಗೆ ಅಂಟಿದಂಗ ಗಿಡ್ಡ, ಒಳಗ ಮೆತ್ತನ ಎರಡನೇ ಪದರ ಇಲ್ವೇ ಇಲ್ಲ. ಎರಿ ಹೊಲದಾಗ ಬಿಸಿಲೊಳಗ ಮೊಲದ ಹಿಂದ ಓಡಾಕ ಆದ ಮೈ ಅದು, ಮೈಯಾಗಿನ ಕಾವು ಲಗೂನ ಹೊರಗ ಹೋಗ್ಬೇಕು ಅನ್ನೋ ಹಂಗ ಐತಿ. ಓಡುವಾಗ ಅದು ವರ, ಸುಮ್ನ ಕುಂತ್ರ ಅದೇ ಶಾಪ. ಡಿಸೆಂಬರ್‌ದಾಗ ಮುಂಜಾನಿ ಆರಕ್ಕ ಗೇಟ್ ಹತ್ರ ನಿಲ್ಲಿಸಿದ್ರ ಹಿಂದಿನ ತೊಡಿ ನಡುಗಾಕ ಚಾಲೂ ಆಗ್ತೈತಿ, ಬಾಲ ಹೊಟ್ಟಿ ಒಳಗ, ಒಂದ್ ಕಾಲ ಎತ್ತತೈತಿ ಒಂದ್ ಕಾಲ ಇಡ್ತೈತಿ.

ಬೆಳಗಾವಿ ತಿಲಕವಾಡಿಯಾಗ ನಮ್ಮಕ್ಕ ಇರ್ತಾಳ, ಅಕಿ ಕಡೆ ಪಾಮೇರಿಯನ್ ಐತಿ. ಅದು ನಮ್ಮ ನಾಯಿಗಿಂತ ಎಷ್ಟೋ ಸಣ್ಣದು, ಆದ್ರೂ ಅದಕ್ಕ ಥಂಡಿನ ಹತ್ತಂಗಿಲ್ಲ. ಮ್ಯಾಲ ಉದ್ದ ಕೂದ್ಲ, ಕೆಳಗ ಹತ್ತಿ ಹಂಗ ಒತ್ತೊತ್ತಾದ ಇನ್ನೊಂದು ಪದರ, ಆ ಎರಡರ ನಡುವ ಗಾಳಿ ಹಿಡ್ಕೊಂಡು ಮೈ ಕಾವು ಉಳಿಸ್ತೈತಿ. ಅದರ ಮ್ಯಾಲ ಬಿಗಿ ಸ್ವೆಟರ್ ಹಾಕಿದ್ರ ಆ ಕೂದ್ಲೆಲ್ಲ ಒತ್ತಿ ಹೋಗಿ ಇದ್ದ ಗಾಳಿನೂ ಹೋತು, ಕೂದ್ಲ ಸಿಕ್ಕ ಬೇರೆ. ಹಸ್ಕಿ, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಎಲ್ಲಾ ಇದೇ ಜಾತಿ ಕೂದ್ಲಿನವು. (ಹಸ್ಕಿನ ನಮ್ಮೂರಿಗೆ ತಂದು ಥಂಡಿಯಾಗ ಜಾಕೆಟ್ ಹಾಕೋರು ಮೇ ತಿಂಗಳದಾಗ 42 ಡಿಗ್ರಿಗೆ ಏನ್ ಮಾಡ್ತಾರೋ, ಅದರ ಬಗ್ಗೆ ಬರ್ಯಾಕ ಕುಂತ್ರ ನನಗ ಸಿಟ್ಟ ಬರ್ತೈತಿ, ಬಿಡ್ರಿ.) ಹಾಂ, ಅಕ್ಕಗ ಒಂದ್ ಮಾತು ಹೇಳೀನಿ, ಥಂಡಿ ದಿನದಾಗ ಅದರ ಕೂದ್ಲ ಮಷೀನ್ ಹಚ್ಚಿ ಬೋಳಿಸ್ಬ್ಯಾಡ, ಬೋಳಿಸಿದಿ ಅಂದ್ರ ಅದಕ್ಕೂ ಕೋಟು ಹೊಲಿಸಬೇಕಾಗ್ತೈತಿ ಅಂತ.

ಡ್ಯಾಶ್‌ಹುಂಡ್, ಡಾಬರ್‌ಮನ್, ಬಾಕ್ಸರ್ ಇವು ಗಿಡ್ಡ ಕೂದ್ಲಿನ ಲೆಕ್ಕ. ವಯಸ್ಸಾದ ನಾಯಿ, ಸಂಧಿ ನೋವು ಇದ್ದದ್ದು, ಕಾಯಿಲಿಂದ ಎದ್ದು ಸೊರಗಿದ್ದು, ಇವಕ್ಕ ತಳಿ ಯಾವುದಿದ್ರೂ ಥಂಡಿ ಹೆಚ್ಚಿಗಿ ಹತ್ತತೈತಿ. ಹುಟ್ಟಿದ ಮರಿ ಅಂತೂ ಮೊದಲ ಎರಡು ಮೂರು ವಾರ ತನ್ನ ಮೈ ಕಾವು ತಾನ ಹಿಡಿಯಾಕ ಆಗಂಗಿಲ್ಲ, ಸರಿಯಾಗಿ ನಡುಗಾಕೂ ಬರಂಗಿಲ್ಲ, ಅದಕ್ಕ ಅಂಗಿ ಅಲ್ಲ, ತಾಯಿ ಮಗ್ಗಲ ಬೇಕು, ಇಲ್ಲಾಂದ್ರ ಬಟ್ಟಿ ಸುತ್ತಿದ ಬಿಸಿನೀರಿನ ಬಾಟ್ಲಿ.

ನಮ್ಮ ಓಣಿ ಕಾಕಾ ಒಬ್ರು ದಿನಾ ಕಾಡ್ತಾರ. "ಏನ್ ತಮ್ಮಾ, ಮಂದಿಗೆ ಅಂಗಿ ಇಲ್ಲ, ನೀ ನಾಯಿಗೆ ಕೋಟ ಹೊಲಸ್ತಿ. ಸೈನ್ಯದಾಗ ಅದಾವಲ್ಲೋ ಇವು, ಅವಕ್ಕ ಯಾರ್ ಸ್ವೆಟರ್ ಹೆಣೀತಾರ?" ಮಾತು ಖರೇ, 2016ರಾಗ ಮುಧೋಳ ಹತ್ರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಗಳನ್ನ ಸೈನ್ಯದವ್ರು ಮೀರತ್‌ಗೆ ಟ್ರೇನಿಂಗ್‌ಗೆ ಒಯ್ದಾರ. ಆದ್ರ ಕಾಕಾ, ಅಲ್ಲಿ ನಾಯಿಗೆ ಒಣ ಕೆನಲ್ ಇರ್ತೈತಿ, ಡಾಕ್ಟರ್ ಇರ್ತಾರ, ಜೋಡಿಗೆ ಒಬ್ಬ ಹ್ಯಾಂಡ್ಲರ್ ಇರ್ತಾನ. ನಮ್ಮನಿ ನಾಯಿ ಮಲಗೋದು ಕಟ್ಟಿ ಮ್ಯಾಲ, ಶಹಾಬಾದ್ ಕಲ್ಲಿನ ಮ್ಯಾಲ.

ಆ ಕಲ್ಲೇ ಅಸಲಿ ವೈರಿ. ಮೈ ಮ್ಯಾಲ ಏನ್ ಹಾಕಿದ್ರೂ ಕೆಳಗಿನ ಕಲ್ಲು ರಾತ್ರಿ ಎಲ್ಲಾ ಹೊಟ್ಟಿ ಕಾವು ಜಗ್ತಾ ಇರ್ತೈತಿ. ಅದಕ್ಕ ನಾ ಮೊದ್ಲ ಮಾಡಿದ ಕೆಲಸ ಕೋಟಿಂದಲ್ಲ, ಒಂದು ಹಳೇ ಹಲಗಿ ಹಾಕಿ ಅದರ ಮ್ಯಾಲ ಅವ್ವನ ಹರಕ ಕೌದಿ ಮಡಿಸಿ ಹಾಸಿದ್ದು. ಅವ್ವ ಎರಡ್ ದಿನ ಮಾತಾಡಿಸ್ಲಿಲ್ಲ, ಅದು ಬ್ಯಾರೆ ವಿಷಯ. ಗಾಳಿ ಬರೋ ಕಡೆ ಒಂದು ತಗಡು ಅಡ್ಡ ನಿಲ್ಲಿಸಿದ್ರ ಮುಗೀತು, ರಾತ್ರಿಗೆ ಕೋಟು ಬೇಕಾಗೇ ಇಲ್ಲ.

ಕೋಟು ಬೇಕಾಗೋದು ಮುಂಜಾನಿ ಒಂದ್ ತಾಸಿಗೆ. ಅಂಗಡಿಯಾಗ ಸಿಗೋವು ಮುಧೋಳ ಮೈಗೆ ಹೊಂದಂಗಿಲ್ಲ, ಎದಿಗೆ ಸರಿ ಆಗೋ ಸೈಜ್ ತಗೊಂಡ್ರ ಹೊಟ್ಟಿ ಕಡೆ ಜೋತ್ ಬೀಳ್ತೈತಿ, ಹೊಟ್ಟಿಗೆ ಸರಿ ಆಗೋದು ಎದಿ ಮ್ಯಾಲ ಏರಂಗಿಲ್ಲ. ಟೇಲರ್ ಕಡೆ ಕರ್ಕೊಂಡ್ ಹೋದೆ. ಅವ ಜಂಪರ್ ಹೊಲಿಯೋ ಮನಷ್ಯಾ, ಟೇಪ್ ಹಿಡ್ಕೊಂಡು ನಾಯಿ ಮುಂದ ಕುಂತು "ತೋಳ ಎಷ್ಟ್ ಇಡ್ಲಿರಿ" ಅಂದ, ನಾಯಿ ಟೇಪಿನ ತುದಿ ನೆಕ್ತಾ ನಿಂತಿತ್ತು. ತೋಳ ಬ್ಯಾಡ ಅಂದೆ. ಬೇಕಾಗೋವು ಮೂರೇ ಅಳತಿ: ಕೊಳ್ಳು, ಮುಂಗಾಲ ಹಿಂದ ಎದಿ ಸುತ್ತಳತಿ, ಕಾಲರ್ ಜಾಗದಿಂದ ಬಾಲದ ಬುಡದವರೆಗೂ ಬೆನ್ನು. ಒಳಗ ಫ್ಲಾನೆಲ್, ಹೊರಗ ಟೆರಿಕಾಟ್, ಮಗ್ಗಲಿಗೆ ವೆಲ್ಕ್ರೋ. ಗುಂಡಿ ಹಚ್ಚಿದ್ರ ಕಡಿದು ನುಂಗತೈತಿ. ಗಂಡು ನಾಯಿ ಇದ್ರ ಹೊಟ್ಟಿ ಕೆಳಗಿನ ಪಟ್ಟಿ ಮುಂದಕ್ಕ ಸರಿಸಿ ಹೊಲಿಸ್ರಿ, ಇಲ್ಲಾಂದ್ರ ಪ್ರತಿ ಕಂಬಕ್ಕೂ ಕೋಟು ಒದ್ದಿ ಆಗ್ತೈತಿ. ಹಾಕಿದ ಮ್ಯಾಲ ಎರಡ್ ಬೆರಳು ಸಲೀಸಾಗಿ ಒಳಗ ಹೋಗ್ಬೇಕು, ಮುಂಗಾಲ ಸಂದಿಗೆ ತಿಕ್ಕಬಾರ್ದು, ಅಲ್ಲಿ ಚರ್ಮ ಕೆಂಪಾಗೈತಿ ಏನು ಅಂತ ಬಿಚ್ಚಿದಾಗೊಮ್ಮೆ ನೋಡ್ರಿ.

ಬಿಚ್ಚೋದು ಹಾಕೋದಕಿಂತ ಮುಖ್ಯ ನಮ್ಮ ಕಡೆ. ಇದು ಶಿಮ್ಲಾ ಅಲ್ಲ. ಗಾಳಿ ಬಿಟ್ಟ ದಿನ ಮುಂಜಾನಿ 12-13 ಡಿಗ್ರಿ ಇರ್ತೈತಿ, 10ರ ಕೆಳಗ ಇಳಿದದ್ದೂ ಐತಿ, ಆದ್ರ ಅದೇ ದಿನ ಮಧ್ಯಾಹ್ನ 29-30. ನಾಯಿ ಮೈ ಕಾವು ಮೊದ್ಲ ನಮಗಿಂತ ಹೆಚ್ಚು, ಸುಮಾರು 38.3ರಿಂದ 39.2 ಡಿಗ್ರಿ, ಅದು ನಮ್ಹಂಗ ಮೈತುಂಬ ಬೆವರಂಗಿಲ್ಲ, ಬಾಯಿ ತೆಗದು ತೇಕಿನ ಕಾವು ಹೊರಗ ಹಾಕ್ಬೇಕು. ಎಂಟೂವರಿಗೆ ಬಿಸಿಲು ಬಿತ್ತು, ಕೋಟು ಬಿಚ್ಚಿ ಗೂಟಕ್ಕ ಹಾಕಿದೆ, ಅಷ್ಟ. ಓಡಾಕ ಬಿಡೋ ಮುಂದನೂ ಬಿಚ್ಚಬೇಕು. ಕೋಟು ಒದ್ದಿ ಆತು ಅಂದ್ರ ತಕ್ಷಣ ತೆಗೀರಿ, ಒದ್ದಿ ಬಟ್ಟಿ ಬರೀ ಮೈಗಿಂತ ಕೆಟ್ಟದ್ದು. ಬೆಳಗಾವಿಯವ್ರಿಗೆ ಇದು ಹೆಚ್ಚು ಬೇಕಾದ ಮಾತು, ಅಲ್ಲಿ ಜುಲೈ ಜಿಟಿಜಿಟಿ ಮಳಿಯಾಗ ನೆಂದ ನಾಯಿಗೆ ಹತ್ತೋ ಥಂಡಿ ನಮ್ಮ ಡಿಸೆಂಬರ್‌ಕಿಂತ ಏನ್ ಕಡಿಮಿ ಇರಂಗಿಲ್ಲ, ಆವಾಗ ಬೇಕಾದ್ದು ರೇನ್‌ಕೋಟು ಮತ್ತ ಒಂದು ಒಣ ಟವೆಲ್ಲು.

ಇನ್ನೊಂದು, ನಾಯಿ ನಡುಗಾಕತ್ತೈತಿ, ಜ್ವರ ಬಂದಿರ್ಬೇಕು ಅಂತ ಮನ್ಯಾಗಿನ ಪ್ಯಾರಾಸಿಟಮಾಲ್ ಅರ್ಧ ಮುರದು ಹಾಕೋರು ಅದಾರ. ದಯವಿಟ್ಟು ಬ್ಯಾಡ. ನಾಯಿಗೆ ಅದು ವಿಷ ಆಗಬಹುದು, ಐಬುಪ್ರೊಫೆನ್ ಅಂತೂ ಇನ್ನೂ ಕೆಟ್ಟದ್ದು. ಒಳಗ ಕರ್ಕೊಂಡು ಒಣಗಿಸಿ ಬೆಚ್ಚಗ ಮಾಡಿದ ಮ್ಯಾಲೂ ನಡುಕ ನಿಲ್ಲಲಿಲ್ಲ, ಮಂಕಾಗಿ ಬಿದ್ದೈತಿ ಅಂದ್ರ ಸೀದಾ ಪಶು ಡಾಕ್ಟರ್ ಕಡೆ ಹೋಗ್ರಿ.

ಓಣಿ ನಾಯಿಗಳಿಗೆ ಹಳೇ ಟೀಶರ್ಟ್ ಹಾಕಿ ಫೋಟೋ ತೆಗಿಯೋ ಹುಡುಗ್ರಿಗೆ ಒಂದ್ ಮಾತು. ಮನಸ್ಸು ಒಳ್ಳೇದ ಐತಿ ತಮ್ಮಗೋಳ್ರಾ, ಆದ್ರ ಮಧ್ಯಾಹ್ನ ಅದನ್ನ ಬಿಚ್ಚೋರ್ ಯಾರು? ಗಟಾರದಾಗ ಇಳಿದು ಒದ್ದಿ ಆಗ್ತೈತಿ, ಮುಳ್ಳು ಕಂಟಿಗೆ ಸಿಗ್ತೈತಿ, ಒಳಗ ಉಣ್ಣಿ ಸೇರಿದ್ರೂ ಯಾರ ಕಣ್ಣಿಗೂ ಬೀಳಂಗಿಲ್ಲ. ಅದರ ಬದ್ಲಿ ಎರಡು ಒಣ ಗೋಣಿಚೀಲ, ಸಿಕ್ರ ಒಂದಿಷ್ಟು ಒಣ ಹುಲ್ಲು ತುಂಬಿ ಮೆಟ್ಲ ಕೆಳಗೋ ಮುಚ್ಚಿದ ಅಂಗಡಿ ಕಟ್ಟಿ ಮ್ಯಾಲೋ ಇಡ್ರಿ, ನೆಂದ್ರ ಬದಲ್ಸ್ರಿ. ಮತ್ತ ಮುಂಜಾನಿ ಗಾಡಿ ಚಾಲೂ ಮಾಡೋಕಿಂತ ಮೊದ್ಲ ಕೆಳಗೊಮ್ಮೆ ಬಗ್ಗಿ ನೋಡ್ರಿ, ರಾತ್ರಿ ಬಿಸಿ ಇಂಜಿನ್ ಕೆಳಗ ಬಂದು ಮಲಗಿದ್ದು ಇನ್ನೂ ಅಲ್ಲೇ ಇರ್ತೈತಿ.